ರಟ್ಟಿಗೆ ಮರದ ವೇಷ ಬೇಡ

ಪ್ರಶ್ನೆ: ನಾನು ಧಾರವಾಡದ ಸಪ್ತಾಪುರದಲ್ಲಿ ಬಾಡಿಗೆ ಕೋಣೆ ಹಿಡಿದು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ವರ್ಷಕ್ಕೊಮ್ಮೆಯಾದರೂ ಕೋಣೆ ಬದಲಾಗುತ್ತದೆ. ಮೇಜು, ಕಪಾಟು ಕೊಳ್ಳುವಷ್ಟು ದುಡ್ಡಿಲ್ಲ. ಹೊತ್ತು ತಿರುಗುವ ಆಸೆಯೂ ಇಲ್ಲ. ಹಳೆಯ ರಟ್ಟಿನ ಡಬ್ಬಿಗಳಿಂದ ಓದುವ ಮೇಜು ಮತ್ತು ಐದು ಅಡಿ ಎತ್ತರದ ಪುಸ್ತಕದ ಕಪಾಟು ಮಾಡಿಕೊಳ್ಳಬಹುದಾ? ಭಾರ ತಡೆಯುತ್ತದಾ? ಧಾರವಾಡದ ಮಳೆಗಾಲದಲ್ಲಿ ಏನು ಗತಿ? ಗೆದ್ದಲು ಹತ್ತುವುದಿಲ್ವಾ?

ಉತ್ತರ: ಮಾಡಿಕೊಳ್ಳಬಹುದು. ಮೇಜು ಮಾಡಿ, ಕಪಾಟೂ ಮಾಡಿ. ಆದರೆ ಐದು ಅಡಿ ಬೇಡ. ಯಾಕೆ ಬೇಡ ಅನ್ನುವುದು ಗೊತ್ತಾದರೆ ನಿಮ್ಮ ಉಳಿದ ಪ್ರಶ್ನೆಗಳಿಗೂ ಅರ್ಧ ಉತ್ತರ ಸಿಕ್ಕ ಹಾಗೆಯೇ. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ.

ನಾನು ಹನ್ನೊಂದು ವರ್ಷ ಹುಬ್ಬಳ್ಳಿಯಲ್ಲಿ ರಟ್ಟಿನ ಪೆಟ್ಟಿಗೆ ಮಾಡುವ ಕೆಲಸದಲ್ಲಿದ್ದವನು. ಪೆಟ್ಟಿಗೆ ಎಲ್ಲಿ ಮುರಿಯುತ್ತದೆ, ಯಾಕೆ ಮುರಿಯುತ್ತದೆ ಅಂತ ನೋಡುವುದೇ ನನ್ನ ಹೊಟ್ಟೆಪಾಡಾಗಿತ್ತು. ಆದರೂ ಮನೆಯಲ್ಲಿ ಮೊದಲು ಮಾಡಿದ ಕಪಾಟು ಜುಲೈ ತಿಂಗಳಿನ ಒಂದು ರಾತ್ರಿ ಧಡಾರನೆ ಕುಸಿಯಿತು. ಆ ಕಥೆ ಆಮೇಲೆ ಹೇಳುತ್ತೇನೆ. ಮೊದಲು ರಟ್ಟನ್ನು ಕೈಗೆ ತಗೊಳ್ಳಿ.

ಪೇಢೆ ಡಬ್ಬಿಯ ರಟ್ಟಲ್ಲ. ಅದು ಒಂದೇ ಪದರದ ದಪ್ಪ ಕಾಗದ, ನಮ್ಮ ಕೆಲಸಕ್ಕೆ ಬರುವುದಿಲ್ಲ. ಟಿವಿ, ಮಿಕ್ಸರ್, ಸೇಬು ಬರುವ ಡಬ್ಬಿಯ ಅಂಚನ್ನು ನೋಡಿ. ಎರಡು ಚಪ್ಪಟೆ ಹಾಳೆ, ನಡುವೆ ಅಲೆಅಲೆಯಾಗಿ ಮಡಿಸಿದ ಇನ್ನೊಂದು ಹಾಳೆ. ಇದು ಮೂರು ಪ್ಲೈ. ಅಂಥ ಅಲೆ ಎರಡಿದ್ದರೆ ಐದು ಪ್ಲೈ, ಮೂರಿದ್ದರೆ ಏಳು ಪ್ಲೈ. ಮೂರು ಪ್ಲೈ ರಟ್ಟು ಸಾಮಾನ್ಯವಾಗಿ 3ರಿಂದ 5 ಮಿಲಿಮೀಟರ್ ದಪ್ಪ, ಐದು ಪ್ಲೈ 6-7 ಮಿಲಿಮೀಟರ್. ಹಾಳೆಗಳನ್ನು ಅಂಟಿಸಿರುವುದು ಬರೀ ಗಂಜಿಯಿಂದ, ಜೋಳದ ಇಲ್ಲವೇ ಮರಗೆಣಸಿನ ಪಿಷ್ಟದ ಅಂಟಿನಿಂದ. ಇದನ್ನು ನೆನಪಿಡಿ. ನೀರು ಮತ್ತು ಜಿರಳೆಯ ಮಾತು ಬಂದಾಗ ಬೇಕಾಗುತ್ತದೆ.

ಆ ಅಲೆಯನ್ನು ಕಡೆಯಿಂದ ನೋಡಿದರೆ ಸಾಲು ಸಾಲು ಕೊಳವೆಗಳ ಹಾಗೆ ಕಾಣುತ್ತದೆ. ರಟ್ಟಿನ ಶಕ್ತಿಯೆಲ್ಲ ಈ ಕೊಳವೆಗಳಲ್ಲೇ ಇದೆ. ಕೊಳವೆ ನೆಟ್ಟಗೆ ನಿಂತಿದ್ದರೆ ಪ್ರತಿಯೊಂದೂ ಒಂದು ಪುಟ್ಟ ಕಂಬ. ಅಡ್ಡ ಮಲಗಿದ್ದರೆ ಸುಮ್ನೆ ಗಾಳಿ ತುಂಬಿದ ಮಡಿಕೆ. ಬೇಕಾದರೆ ಒಂದು ಅಂಗೈಯಗಲದ ತುಂಡು ಕತ್ತರಿಸಿ, ಒಮ್ಮೆ ಕೊಳವೆ ನಿಲ್ಲುವ ಹಾಗೆ, ಒಮ್ಮೆ ಮಲಗುವ ಹಾಗೆ ಮೇಜಿನ ಮೇಲೆ ಹಿಡಿದು ಮೇಲಿನಿಂದ ಒತ್ತಿ. ಎಷ್ಟು ವ್ಯತ್ಯಾಸ ಅನ್ನುವುದು ಅಂಗೈಗೇ ಗೊತ್ತಾಗುತ್ತದೆ.

ಈಗ ನನ್ನ ಕುಸಿದ ಕಪಾಟಿನ ಕಥೆ. ನಾಲ್ಕು ಸೇಬಿನ ಪೆಟ್ಟಿಗೆ ತಂದು, ಬಾಯಿ ನನ್ನ ಕಡೆ ಬರುವ ಹಾಗೆ ಅಡ್ಡ ಮಲಗಿಸಿ, ಒಂದರ ಮೇಲೊಂದು ಇಟ್ಟೆ. ನೋಡಲು ಥೇಟ್ ಕಪಾಟು. 20 ಕಿಲೋಗಿಂತ ಜಾಸ್ತಿ ಹಣ್ಣು ತುಂಬಿಕೊಂಡು, ಲಾರಿಯಲ್ಲಿ ಒಂದರ ಮೇಲೊಂದು ಕೂತು ಕಾಶ್ಮೀರ-ಹಿಮಾಚಲದಿಂದ ಹುಬ್ಬಳ್ಳಿಯ ತನಕ ಬಂದ ಪೆಟ್ಟಿಗೆ, ನಾಲ್ಕು ಪುಸ್ತಕ ಹೊರಲಾರದೇ ಅಂದುಕೊಂಡೆ. ಆದರೆ ಲಾರಿಯಲ್ಲಿ ಆ ಪೆಟ್ಟಿಗೆ ಬಾಯಿ ಮೇಲೆ ಮಾಡಿ ನಿಂತಿತ್ತು, ಅದರ ಕೊಳವೆಗಳೂ ನಿಂತಿದ್ದವು. ನಾನು ಅಡ್ಡ ಮಲಗಿಸಿದಾಗ ಎಡ ಬಲದ ಗೋಡೆಗಳಲ್ಲಿ ಕೊಳವೆಗಳೂ ಮಲಗಿಬಿಟ್ಟವು. ಹನ್ನೊಂದು ವರ್ಷ ಇದೇ ಕೆಲಸ ಮಾಡಿದವನಿಗೆ ಅಷ್ಟೂ ಹೊಳೆಯಲಿಲ್ಲ ನೋಡಿ. ಬೇಸಿಗೆಯಲ್ಲಿ ಹೇಗೋ ನಿಂತಿತ್ತು. ಮಳೆ ಹಿಡಿದು ಮೂರು ವಾರಕ್ಕೆ ಕೆಳಗಿನ ಪೆಟ್ಟಿಗೆ ಹೊಟ್ಟೆ ಬಿಟ್ಟಿತು. ಉಳಿದವು ಅದರ ಹಿಂದೆಯೇ ಬಂದವು.

ಪೆಟ್ಟಿಗೆ ಪೇರಿಸಿ ಕಪಾಟು ಮಾಡುವವರೆಲ್ಲ ಈ ತಪ್ಪು ಮಾಡುತ್ತಾರೆ. ಪರಿಹಾರ ಕಷ್ಟದ್ದಲ್ಲ. ಮಲಗಿಸಿದ ಪೆಟ್ಟಿಗೆಯ ಒಳಗೆ, ಎಡಕ್ಕೆ ಬಲಕ್ಕೆ, ಕೊಳವೆ ನೆಟ್ಟಗಿರುವ ಒಂದೊಂದು ಐದು ಪ್ಲೈ ತುಂಡನ್ನು ನೆಲದಿಂದ ಸೂರಿನ ತನಕ ಬಿಗಿಯಾಗಿ ಕೂರುವಂತೆ ಕತ್ತರಿಸಿ ಅಂಟಿಸಿ. ಭಾರವನ್ನು ಅವು ಹೊರುತ್ತವೆ, ಪೆಟ್ಟಿಗೆ ಬರೀ ಅಂಗಿಯ ಹಾಗೆ.

ಇನ್ನು ಎತ್ತರದ ವಿಷಯ. ತೆಳ್ಳಗಿನ ಕಂಬದ ಎತ್ತರ ಎರಡು ಪಟ್ಟಾದರೆ, ಬಾಗದೆ ನಿಲ್ಲುವ ಅದರ ಶಕ್ತಿ ಅರ್ಧವಲ್ಲ, ಕಾಲುಭಾಗಕ್ಕೆ ಇಳಿಯುತ್ತದೆ. ಮರದ ಕಪಾಟಿನ ಹಾಗೆ ಐದು ಅಡಿಯ ಎರಡು ಪಕ್ಕದ ಹಲಗೆ ನಿಲ್ಲಿಸಿ, ನಡುವೆ ಅಡ್ಡ ಹಲಗೆ ಸಿಕ್ಕಿಸುವುದು ರಟ್ಟಿಗೆ ಒಗ್ಗದ ಕೆಲಸ. ರಟ್ಟಿಗೆ ಒಗ್ಗುವುದು ಜೇನುಗೂಡು. ಗಿಡ್ಡ ಗಿಡ್ಡ ಕೋಣೆಗಳು, ಒಂದಕ್ಕೊಂದು ಆತುಕೊಂಡ ಗೋಡೆಗಳು. ರಟ್ಟಿನಲ್ಲಿ ಮರದ ಪೀಠೋಪಕರಣದ ನಕಲು ಮಾಡಲು ಹೋದವರೇ ಸಾಮಾನ್ಯವಾಗಿ ರಟ್ಟನ್ನು ಬೈಯುವವರು.

ಸರಿಯಾಗಿ ಬಳಸಿದರೆ ಏನೇನು ಆಗುತ್ತದೆ ಅನ್ನುವುದಕ್ಕೆ ದೊಡ್ಡ ಸಾಕ್ಷಿಗಳಿವೆ. ಅಲೆ ಕಾಗದ 1856ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದದ್ದು ಟೊಪ್ಪಿಗೆಯ ಒಳಪಟ್ಟಿಗೆ, ಪೆಟ್ಟಿಗೆಯ ಯೋಚನೆ ಆಮೇಲಿನದು. ಅಮೆರಿಕದ ವಾಸ್ತುಶಿಲ್ಪಿ ಫ್ರಾಂಕ್ ಗೆಹ್ರಿ 1972ರಲ್ಲಿ ಹಾವು ಸುತ್ತಿಕೊಂಡಂತೆ ಕಾಣುವ ರಟ್ಟಿನ ಕುರ್ಚಿ ಮಾಡಿದರು. ಪದರದ ಮೇಲೆ ಪದರ, ದಿಕ್ಕು ಬದಲಿಸುತ್ತ ಕೂಡಿಸಿದ್ದು. ಅದು ಇವತ್ತಿಗೂ ಮಾರಾಟಕ್ಕಿದೆ, ಬೆಲೆ ಮಾತ್ರ ಕೇಳಬೇಡಿ. ಅಷ್ಟು ದೂರ ಯಾಕೆ, 2020ರಲ್ಲಿ ದೆಹಲಿಯ ಛತ್ತರ್‌ಪುರದಲ್ಲಿ ಕೋವಿಡ್ ರೋಗಿಗಳಿಗೆ ಸಾವಿರಾರು ರಟ್ಟಿನ ಮಂಚ ಹಾಕಿದ್ದರಲ್ಲ, ಟಿವಿಯಲ್ಲಿ ನೋಡಿರುತ್ತೀರಿ. ಆ ಮಂಚಗಳೆಲ್ಲ ಗಿಡ್ಡ. ಅವುಗಳಿಗೆ ನಾಲ್ಕು ಕಾಲಿನ ಬದಲು ನೆಲಕ್ಕೆ ಆತುಕೊಂಡ ಮಡಿಕೆಗಳಿದ್ದವು.

ಅದಕ್ಕೇ ಹೇಳುತ್ತೇನೆ, ಮೊದಲು ನೆಲದ ಮೇಲೆ ಕೂತು ಓದುವ ಮಣೆ ಮಾಡಿ. ಹಳೆಯ ಕಿರಾಣಿ ಅಂಗಡಿಗಳಲ್ಲಿ ಸಾಹುಕಾರರು ಗಾದಿಯ ಮೇಲೆ ಕೂತು, ಮುಂದೆ ಒಂದು ಪೆಟ್ಟಿಗೆ ಇಟ್ಟುಕೊಂಡು ಲೆಕ್ಕ ಬರೆಯುತ್ತಿದ್ದರಲ್ಲ, ಹಾಗೆ. ಎತ್ತರ 28 ಸೆಂಟಿಮೀಟರ್ ಸಾಕು. ನಿಮ್ಮ ಕೋಣೆ ಸಣ್ಣದೇ ಇರುತ್ತದೆ, ಗೋಡೆಗೆ ಒರಗಿ ಕೂರುವ ಸುಖವೂ ಉಂಟು. ಕುರ್ಚಿ ಬೇಕು ಅನ್ನುವ ತಾಪತ್ರಯವೂ ತಪ್ಪುತ್ತದೆ.

ಮಾಡುವ ರೀತಿ ಹೀಗೆ. ಐದು ಪ್ಲೈ ರಟ್ಟಿನಲ್ಲಿ 56 ಸೆಂ.ಮೀ. ಉದ್ದ, 26 ಸೆಂ.ಮೀ. ಎತ್ತರದ ಮೂರು ಪಟ್ಟಿ, 36 ಸೆಂ.ಮೀ. ಉದ್ದ ಮತ್ತು ಅಷ್ಟೇ ಎತ್ತರದ ನಾಲ್ಕು ಪಟ್ಟಿ ಕತ್ತರಿಸಿ. ಎಲ್ಲದರಲ್ಲೂ ಕೊಳವೆ ನೆಟ್ಟಗಿರಬೇಕು. ಉದ್ದದ ಪಟ್ಟಿಗಳಲ್ಲಿ ಮೇಲಿನಿಂದ 13 ಸೆಂ.ಮೀ. ಆಳದ ಸೀಳುಗಳು, ಗಿಡ್ಡ ಪಟ್ಟಿಗಳಲ್ಲಿ ಕೆಳಗಿನಿಂದ ಅಷ್ಟೇ ಆಳದ ಸೀಳುಗಳು. ಒಂದಕ್ಕೊಂದು ಸಿಕ್ಕಿಸಿದರೆ ಹನ್ನೆರಡು ಕಡೆ ಹೆಣೆದುಕೊಂಡು ಚೌಕಳಿ ನಿಲ್ಲುತ್ತದೆ. ಸೀಳಿನ ಅಗಲ ರಟ್ಟಿನ ದಪ್ಪಕ್ಕಿಂತ ಅರ್ಧ ಮಿಲಿಮೀಟರ್ ಕಡಿಮೆ ಇರಲಿ. ಎಲ್ಲರೂ ಎಡವುವುದು ಇಲ್ಲೇ. ಸಡಿಲ ಸೀಳು ಅಂದರೆ ಅಲುಗಾಡುವ ಮಣೆ. ಅದಕ್ಕೆ ಎಷ್ಟು ಅಂಟು ಸುರಿದರೂ ಉಪಯೋಗವಿಲ್ಲ. ಮೊದಲು ಒಂದು ಚೂರಿನಲ್ಲಿ ಸೀಳಿ ನೋಡಿ, ಕೈಯಿಂದ ಒತ್ತಿದರೆ ಮಾತ್ರ ಇಳಿಯುವಂತೆ ಆದ ಮೇಲೆ ಉಳಿದದ್ದು ಕತ್ತರಿಸಿ. ಮೂರು ಪ್ಲೈ ಮಾತ್ರ ಸಿಕ್ಕಿದೆಯಾ? ಎರಡೆರಡು ಹಾಳೆ ಅಂಟಿಸಿ ಒಂದು ಪಟ್ಟಿ ಮಾಡಿಕೊಳ್ಳಿ.

ಮೇಲ್ಮೈಗೆ 60 ಸೆಂ.ಮೀ. ಉದ್ದ, 40 ಸೆಂ.ಮೀ. ಅಗಲದ ಮೂರು ಹಾಳೆ. ಇಲ್ಲಿ ಕೊಳವೆಗಳು ಒಂದರಲ್ಲಿ ಉದ್ದಕ್ಕೆ, ಮುಂದಿನದರಲ್ಲಿ ಅಡ್ಡಕ್ಕೆ ಬರಲಿ, ಪ್ಲೈವುಡ್‌ನಲ್ಲಿ ಇರುತ್ತದಲ್ಲ, ಹಾಗೆ. ಎಲ್ಲ ಒಂದೇ ದಿಕ್ಕಿಗೆ ಇದ್ದರೆ ಮೇಲ್ಮೈ ದೋಣಿಯ ಹಾಗೆ ಬಾಗುತ್ತದೆ. ಅಂಟು ಒಣಗಿದ ಮೇಲೆ ಇದನ್ನು ಚೌಕಳಿಯ ಮೇಲೆ ಕೂರಿಸಿ. ನಾನು ಮಾಡಿದ ಇಂಥ ಮಣೆಯ ಮೇಲೆ ಒಮ್ಮೆ ನಿಂತು ನೋಡಿದ್ದೇನೆ, 74 ಕಿಲೋ ತೂಕ ನನ್ನದು, ಅದು ಜಪ್ಪಯ್ಯ ಅನ್ನಲಿಲ್ಲ. ನೀವು ನಿಲ್ಲಬೇಡಿ, ಬಲ್ಬು ಹಾಕಲಂತೂ ಹತ್ತಲೇಬೇಡಿ. ನಿಂತ ಭಾರವನ್ನು ರಟ್ಟು ತಡೆಯುತ್ತದೆ, ಅಂಚಿನ ಮೇಲೆ ವಾಲಿದ ಭಾರವನ್ನು ತಡೆಯುವುದಿಲ್ಲ. ಸಾಹುಕಾರರ ಪೆಟ್ಟಿಗೆಯ ಹಾಗೆ ಮುಂದೆ ತಗ್ಗು, ಹಿಂದೆ ಎತ್ತರ ಮಾಡಬಹುದು. ಆದರೆ ಅದು ಎರಡನೇ ಸಲಕ್ಕೆ ಇರಲಿ.

ರಟ್ಟನ್ನು ಒಂದೇ ಏಟಿಗೆ ಕತ್ತರಿಸಲು ಹೋಗಬೇಡಿ. ಸ್ಟೀಲ್ ಪಟ್ಟಿ ಇಟ್ಟು, ಕಟರ್‌ನಿಂದ ಮೂರು ಸಲ ಹಗುರಾಗಿ ಎಳೆಯಿರಿ. ಮೊದಲ ಸಲ ಮೇಲಿನ ಹಾಳೆ, ಎರಡನೇ ಸಲ ಅಲೆ, ಮೂರನೇ ಸಲ ತಳ. ಮೊಂಡ ಬ್ಲೇಡು ಕೊಳವೆಗಳನ್ನು ಜಜ್ಜುತ್ತದೆ, ಜಜ್ಜಿದ ಕೊಳವೆ ಭಾರ ಹೊರುವುದಿಲ್ಲ. ಹತ್ತು ರೂಪಾಯಿಯ ಬ್ಲೇಡಿನಲ್ಲಿ ಜಿಪುಣತನ ಬೇಡ. ಐದು ಪ್ಲೈಗೆ ಹಲ್ಲಿರುವ ಬ್ರೆಡ್ ಚಾಕು ಇನ್ನೂ ಚೆನ್ನ.

ಅಂಟಿಗೆ ಫೆವಿಕಾಲ್ ಆಗುತ್ತದೆ, ಮೈದಾ ಅಂಟೂ ಆಗುತ್ತದೆ. ನನ್ನ ಒಲವು ಮೈದಾ ಕಡೆಗೆ. ಒಂದು ಪಾಲು ಹಿಟ್ಟಿಗೆ ಐದು ಪಾಲು ನೀರು, ಗಂಟಿಲ್ಲದಂತೆ ಕಲಸಿ, ಬಣ್ಣ ತಿಳಿಯಾಗುವ ತನಕ ಕುದಿಸಿ. ಪುಸ್ತಕಕ್ಕೆ ರಟ್ಟು ಕಟ್ಟುವವರು ಇದಕ್ಕೆ ಚಿಟಿಕೆ ಮೈಲುತುತ್ತ ಹಾಕುತ್ತಾರೆ. ಗದಗಿನ ಮುದ್ರಣಾಲಯದ ಓಣಿಯಲ್ಲಿ ಯಾವ ಹಳೆಯ ಬೈಂಡರನ್ನು ಕೇಳಿದರೂ ಹೇಳುತ್ತಾರೆ. ಹುಳ, ಜಿರಳೆ, ಬೂಷ್ಟು ದೂರ ಇರುತ್ತವೆ. ಆದರೆ ಮೈಲುತುತ್ತ ವಿಷ. ಅಡುಗೆ ಪಾತ್ರೆಗೆ ಹಾಕಬೇಡಿ. ಕಬ್ಬಿಣ, ಅಲ್ಯೂಮಿನಿಯಂ ಪಾತ್ರೆಗಳನ್ನಂತೂ ಅದು ತಿಂದುಹಾಕುತ್ತದೆ. ಅಂಟು ಆರಿದ ಮೇಲೆ ಹಳೆಯ ಪ್ಲಾಸ್ಟಿಕ್ ಡಬ್ಬಿಗೆ ಸುರಿದು ಅಲ್ಲಿ ಬೆರೆಸಿ, ಕೈ ತೊಳೆದುಕೊಳ್ಳಿ. ಯಾವ ಅಂಟೇ ಆಗಲಿ, ತೆಳ್ಳಗೆ ಬಳಿಯಿರಿ. ಜಾಸ್ತಿ ಬಳಿದರೆ ಅದರ ನೀರೇ ರಟ್ಟನ್ನು ಮೆತ್ತಗೆ ಮಾಡಿ ಸೊಟ್ಟ ಮಾಡುತ್ತದೆ. ಮೇಲೆ ಪುಸ್ತಕದ ಗಂಟು ಹೇರಿ ಒಂದು ಪೂರ್ತಿ ದಿನ ಬಿಡಿ. ನಿಮ್ಮ ಹತ್ತಿರ ಪುಸ್ತಕಕ್ಕೇನೂ ಕೊರತೆ ಇರಲಾರದು.

ಈಗ ಮಳೆ. ನಿಮ್ಮ ಪ್ರಶ್ನೆಗಳಲ್ಲಿ ಭಾರಕ್ಕಿಂತ ದೊಡ್ಡದು ಇದೇ. ಗಾಳಿಯ ತೇವ ಶೇ. 50ರಿಂದ ಶೇ. 90ಕ್ಕೆ ಏರಿದರೆ ರಟ್ಟು ಹೊರುವ ಶಕ್ತಿ ಹೆಚ್ಚುಕಡಿಮೆ ಅರ್ಧಕ್ಕೆ ಬೀಳುತ್ತದೆ. ಮೇಲೆ ಒಂದು ಹನಿ ಬೀಳದಿದ್ದರೂ ಅಷ್ಟೇ. ಜೊತೆಗೆ ತಿಂಗಳುಗಟ್ಟಲೆ ಒಂದೇ ಭಾರ ಹೊತ್ತುಕೊಂಡಿದ್ದರೆ ರಟ್ಟು ಸುಸ್ತಾಗುತ್ತದೆ, ಅಲ್ಲೂ ಅರ್ಧದ ಹತ್ತಿರ ಹೋಗುತ್ತದೆ. ಅದಕ್ಕೇ ಪೆಟ್ಟಿಗೆ ಕಾರ್ಖಾನೆಯಲ್ಲಿ ಹೊರಬೇಕಾದ ಭಾರಕ್ಕಿಂತ ಮೂರರಿಂದ ಐದು ಪಟ್ಟು ತಾಕತ್ತು ಇಟ್ಟೇ ಲೆಕ್ಕ ಹಾಕುತ್ತಾರೆ. ನೀವೂ ಹಾಗೇ ಮಾಡಿ. ನವಲಗುಂದ, ಗದಗ, ರೋಣದ ಕಡೆಯವರಿಗೆ ಇಷ್ಟು ಚಿಂತೆ ಬೇಡ, ಅಲ್ಲಿಯ ಹವೆ ಒಣ. ಧಾರವಾಡ ಹಾಗಲ್ಲ, ಇದು ಮಲೆನಾಡಿನ ಹೊಸ್ತಿಲು. ಕಲಘಟಗಿ, ಅಳ್ನಾವರ, ಹಾನಗಲ್ಲಿನ ಕಡೆಯವರು ಇನ್ನೂ ಜಾಸ್ತಿ ಎಚ್ಚರದಿಂದ ಇರಬೇಕು. ಜುಲೈಯಲ್ಲಿ ಹಾಸಿಗೆಯೇ ತಣ್ಣಗೆ ಹತ್ತುವ ಊರಿನಲ್ಲಿ ರಟ್ಟು ಬೆಚ್ಚಗಿರಲಿ ಅಂದರೆ ಹೇಗೆ?

ಆದರೂ ನನ್ನ ಅನುಭವದಲ್ಲಿ ರಟ್ಟಿನ ದೊಡ್ಡ ಶತ್ರು ಮಳೆಯಲ್ಲ, ನೆಲ ಒರೆಸುವ ಅರಿವೆ. ದಿನಾ ಬೆಳಿಗ್ಗೆ ಫರ್ಸಿಯ ಮೇಲೆ ಒದ್ದೆ ಬಟ್ಟೆ ಆಡುತ್ತದೆ, ರಟ್ಟಿನ ಕೊಳವೆಗಳು ಸ್ಟ್ರಾ ಹಾಕಿ ಕುಡಿದಂತೆ ಆ ನೀರನ್ನು ಮೇಲಕ್ಕೆ ಎಳೆಯುತ್ತವೆ. ತಿಂಗಳೊಪ್ಪತ್ತಿನಲ್ಲಿ ಬುಡ ಮೆತ್ತಗಾಗುತ್ತದೆ. ಅದಕ್ಕೆ ತಳದ ಅಂಚು ನೆಲಕ್ಕೆ ತಾಗಲೇಬಾರದು. ಬಡಿಗೇರರ ಅಂಗಡಿಯಲ್ಲಿ ಬೀಳುವ ಒಂದಿಂಚು ದಪ್ಪದ ಮರದ ರೀಪುಗಳನ್ನು ಕೇಳಿ ತಂದು ಚೌಕಳಿಯ ಕೆಳಗೆ ಎರಡು ಸಾಲು ಕೊಡಿ. ಬಾಟಲಿ ಮುಚ್ಚಳ ಇಡುವವರಿದ್ದಾರೆ, ಬೇಡ, ಭಾರವೆಲ್ಲ ಒಂದೇ ಬಿಂದುವಿಗೆ ಬಿದ್ದು ರಟ್ಟು ತೂತಾಗುತ್ತದೆ. ಕೆಳಗಿನ ಎರಡಿಂಚು ಮತ್ತು ಕತ್ತರಿಸಿದ ಅಂಚುಗಳಿಗೆ ಕಾಗದದ ಟೇಪು ಇಲ್ಲವೇ ಪತ್ರಿಕೆಯ ಪಟ್ಟಿ ಅಂಟಿಸಿ, ಒಣಗಿದ ಮೇಲೆ ವಾರ್ನಿಶ್ ಎರಡು ಕೈ ಹೊಡೆಯಿರಿ. ಗೋಡೆಯಿಂದ ಎರಡಿಂಚು ದೂರ ಇಡಿ, ಮಳೆಗಾಲದಲ್ಲಿ ಧಾರವಾಡದ ಗೋಡೆಗಳೂ ಬೆವರುತ್ತವೆ. ಮೇಲ್ಮೈಗೆ ವಾರ್ನಿಶ್ ಬದಲು ಊಟದ ಮೇಜಿಗೆ ಹಾಸುವ ಮೇಣಬಟ್ಟೆ ಹಾಸಿ. ಚಹಾ ಚೆಲ್ಲಿದರೆ ಒರೆಸಬಹುದು, ಬೇಡವಾದಾಗ ತೆಗೆಯಬಹುದು.

ಗೆದ್ದಲಿನ ಪ್ರಶ್ನೆಗೆ ಚಿಕ್ಕ ಉತ್ತರ: ಹತ್ತುತ್ತದೆ. ರಟ್ಟು ಅಂದರೆ ಮರದ ನಾರು, ಅದಕ್ಕೆ ಪಂಕ್ತಿ ಊಟ. ಆದರೆ ಗೆದ್ದಲು ನೆಲ, ಗೋಡೆಯಿಂದ ಮಣ್ಣಿನ ಸುರಂಗ ಕಟ್ಟಿಕೊಂಡು ಬರಬೇಕು. ರೀಪಿನ ಕಾಲು ಮತ್ತು ಗೋಡೆಯ ಅಂತರ ಇದ್ದರೆ ಆ ಸುರಂಗ ಕಣ್ಣಿಗೆ ಬೀಳುತ್ತದೆ. ವಾರಕ್ಕೊಮ್ಮೆ ಬಗ್ಗಿ ನೋಡಿ. ಹಳೆಯ ಮಣ್ಣಿನ ಗೋಡೆಯ ಮನೆಯಾದರೆ, ಅಥವಾ ಕೋಣೆಯ ಬಾಗಿಲ ಚೌಕಟ್ಟಿಗೆ ಈಗಾಗಲೇ ಗೆದ್ದಲು ಹತ್ತಿದ್ದರೆ, ರಟ್ಟಿನ ಆಸೆ ಬಿಡಿ.

ಇನ್ನು ಕಪಾಟು. ಒಂದು ಅಡಿ ಉದ್ದ ಸಾಲಾಗಿ ನಿಲ್ಲಿಸಿದ ಪುಸ್ತಕ ಏಳೆಂಟು ಕಿಲೋ ಆಗುತ್ತದೆ, ಪರೀಕ್ಷೆಯ ದಪ್ಪ ಗೈಡುಗಳಾದರೆ ಇನ್ನೂ ಜಾಸ್ತಿ. ಆದ್ದರಿಂದ ಎತ್ತರ 85 ಸೆಂ.ಮೀ. ದಾಟಬಾರದು. ಒಂದು ಖಾನೆಯ ಅಗಲ 30 ಸೆಂ.ಮೀ. ಮೀರಬಾರದು. ಅಗಲ ಬೇಕಾದರೆ ಖಾನೆಗಳನ್ನು ಪಕ್ಕಪಕ್ಕಕ್ಕೆ ಬೆಳೆಸಿ, ಮೇಲಕ್ಕೆ ಬೇಡ. ಮಣೆಯದೇ ಸೀಳಿನ ಹೆಣಿಗೆ ಇಲ್ಲಿಗೂ ಸಾಕು, ನಿಂತ ಗೋಡೆಗಳಿಗೆ ಎರಡು ಪದರ, ಅಡ್ಡ ಹಲಗೆಗಳಿಗೆ ಮೂರು. ಹಿಂಬದಿಗೆ ಒಂದು ಪೂರ್ತಿ ಹಾಳೆ ಅಂಟಿಸುವುದನ್ನು ಮರೆಯಬೇಡಿ. ಅದಿಲ್ಲದೆ ಕಪಾಟು ಇಸ್ಪೀಟಿನ ಮನೆಯ ಹಾಗೆ ಪಕ್ಕಕ್ಕೆ ವಾಲುತ್ತದೆ. ಭಾರದ ಪುಸ್ತಕ ಕೆಳಗೆ, ನೋಟ್ಸು ಮೇಲೆ. ಗೋಡೆಯ ಒಂದು ಮೊಳೆಗೆ ಮೇಲಿನಿಂದ ದಾರ ಕಟ್ಟಿಬಿಡಿ.

ರಟ್ಟು ಎಲ್ಲಿ ಸಿಗುತ್ತದೆ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಆನ್‌ಲೈನಿನಲ್ಲಿ ಬರುವ ಡಬ್ಬಿಗಳು ತೆಳ್ಳಗಿನ ಮೂರು ಪ್ಲೈ, ಅಂಥ ಉಪಯೋಗವಿಲ್ಲ. ಫ್ರಿಜ್, ವಾಷಿಂಗ್ ಮಷಿನ್‌ನ ಡಬ್ಬಿ ಚಿನ್ನ. ಹುಬ್ಬಳ್ಳಿಯ ಕೊಪ್ಪಿಕರ ರಸ್ತೆಯ ಕಡೆ ಅಂಗಡಿಗಳಲ್ಲಿ ಮೊದಲೇ ಹೇಳಿ ಇಟ್ಟರೆ ತೆಗೆದಿಡುತ್ತಾರೆ. ತರುವಾಗ ಅಂಟಿಸಿದ ಮೂಲೆಯನ್ನು ಬಿಡಿಸಿ ಹಾಳೆ ಮಾಡಿಕೊಳ್ಳಿ. ಹೊಸದಾಗಿ ಮಡಿಕೆ ಬಿದ್ದ ಜಾಗ ಸತ್ತಂತೆ. ಅಂಥ ಹಾಳೆ ಹಿಡಿದು ಸಂಜೆ ಆರಕ್ಕೆ ಚಿಗರಿ ಬಸ್ಸು ಹತ್ತುವ ಸಾಹಸ ನಾನು ಮಾಡಿದ್ದೇನೆ, ನೀವು ಮಾಡಬೇಡಿ. ಸೇಬಿನ ಪೆಟ್ಟಿಗೆ ಧಾರವಾಡದ ಸೂಪರ್ ಮಾರ್ಕೆಟ್‌ನಲ್ಲೇ ಸಿಗುತ್ತವೆ, ಆಗಸ್ಟ್‌ನಿಂದ ಮುಂದೆ ಧಾರಾಳ. ಯಾವುದನ್ನೇ ತಂದರೂ ಎರಡು ದಿನ ಬಿಸಿಲಿಗೆ ಹಾಕಿ, ಜಿರಳೆಯ ಮೊಟ್ಟೆ ಅದರೊಳಗೇ ಕೂತು ಬರುತ್ತದೆ. ಕೀಟನಾಶಕ, ಗೊಬ್ಬರ ಬಂದ ಡಬ್ಬಿಗಳನ್ನು ಮಾತ್ರ ಮುಟ್ಟಲೇಬೇಡಿ, ಎಷ್ಟೇ ಗಟ್ಟಿ ಇದ್ದರೂ.

ಇನ್ನೊಂದು ಗುಟ್ಟು ಇದೆ. ಫ್ಲೆಕ್ಸ್ ಬ್ಯಾನರ್ ಮುದ್ರಿಸುವ ಅಂಗಡಿಯಲ್ಲಿ ರೋಲು ಮುಗಿದ ಮೇಲೆ ಒಳಗಿನ ರಟ್ಟಿನ ಕೊಳವೆ ಬಿಸಾಕುತ್ತಾರೆ. ದಪ್ಪ ಗೋಡೆಯ ಗಟ್ಟಿ ಕೊಳವೆ. ಜಪಾನಿನ ವಾಸ್ತುಶಿಲ್ಪಿ ಶಿಗೆರು ಬಾನ್ 1995ರ ಕೋಬೆ ಭೂಕಂಪದ ನಂತರ, 2001ರಲ್ಲಿ ನಮ್ಮ ಭುಜ್‌ನಲ್ಲೂ, ಇಂಥ ಕಾಗದದ ಕೊಳವೆಗಳಿಂದ ಮನೆಗಳನ್ನೇ ಕಟ್ಟಿಸಿದರು. ಮುಂದೆ ನೀವು ಕುರ್ಚಿಯ ಎತ್ತರದ ಮೇಜು ಮಾಡಬೇಕೆಂದರೆ ಕಾಲುಗಳಿಗೆ ಇವು ಬೇಕು. ಬರೀ ಹಾಳೆ ಮಡಿಸಿ 75 ಸೆಂ.ಮೀ. ಕಾಲು ಮಾಡಲು ಹೋಗಬೇಡಿ.

ಬೆಂಕಿಯ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ರಟ್ಟಿನ ಮಣೆಯ ಮೇಲೆ ಊದಿನಕಡ್ಡಿ, ಸೊಳ್ಳೆ ಬತ್ತಿ, ಮೇಣದಬತ್ತಿ ಬೇಡ. ಕೋಣೆಯಲ್ಲೇ ಸಣ್ಣ ಗ್ಯಾಸ್ ಒಲೆ ಇಟ್ಟುಕೊಂಡಿದ್ದರೆ ಅದರ ಎದುರು ಮೂಲೆಯಲ್ಲಿ ಕಪಾಟು ಇರಲಿ. ಫೋನ್ ಚಾರ್ಜರ್, ಪ್ಲಗ್ ಬೋರ್ಡುಗಳನ್ನು ಚೌಕಳಿಯ ಒಳಗೆ ತುರುಕಬೇಡಿ.

ಸಾಧ್ಯವಾದರೆ ಮಣೆಯನ್ನು ಈ ಮಳೆಯಲ್ಲಿ ಮಾಡದೆ ದಸರೆ ಕಳೆದು ಬಿಸಿಲು ಬಂದ ಮೇಲೆ ಮಾಡಿ, ಅಂಟು ಸರಿಯಾಗಿ ಒಣಗುತ್ತದೆ. ಅಲ್ಲಿಯ ತನಕ ಡಬ್ಬಿ ಕೂಡಿಸಿ ಅಟ್ಟದ ಮೇಲಿಡಿ. ಕಪಾಟಿಗೆ ಕೈ ಹಾಕುವ ಮುಂಚೆ ಒಂದು ತಿಂಗಳು ಮಣೆಯ ಮೇಲೆ ಓದಿ ನೋಡಿ, ಎಲ್ಲಿ ಸಡಿಲ, ಎಲ್ಲಿ ಗಟ್ಟಿ ಅಂತ ಅದೇ ಕಲಿಸುತ್ತದೆ. ಕೋಣೆ ಬದಲಿಸುವಾಗ ಮೇಲ್ಮೈ ಎತ್ತಿದರೆ ಚೌಕಳಿ ಬಿಚ್ಚಿಕೊಂಡು ಚಪ್ಪಟೆಯಾಗಬೇಕು ಅಂತಿದ್ದರೆ, ಸೀಳುಗಳಿಗೂ ಮೇಲ್ಮೈಯ ಕೆಳಗೂ ಅಂಟು ಹಾಕದೆ ಬಿಡಿ. ಬಿಗಿಯಾದ ಸೀಳಿಗೆ ಅಂಟು ಬೇಕಿಲ್ಲ. ಇಡೀ ಮಣೆ ಒಂದು ಹೊರೆಯಾಗಿ ಬಗಲಿಗೆ ಬರುತ್ತದೆ. ಹಳತಾದ ಮೇಲೆ ರದ್ದಿಯವನಿಗೆ ಹಾಕುವಾಗ ವಾರ್ನಿಶ್ ಹೊಡೆದ ಎರಡಿಂಚು ಮತ್ತು ಮೈಲುತುತ್ತದ ಅಂಟು ಹಚ್ಚಿದ ತುಂಡುಗಳನ್ನು ತೆಗೆದು ಬೇರೆ ಇಡಿ. ಉಳಿದದ್ದನ್ನು ಅವನು ತೂಕಕ್ಕೆ ತಗೊಳ್ಳುತ್ತಾನೆ.